ಕಿರಿಯ ಕಾರಿನಿಂದ ಹಿರಿಯ ಪಂದ್ಯಕ್ಕೆ

ಮೈಸೂರಿನ ದಸರಾ ಕುಸ್ತಿಗೆ ಇಳಿಯುವ ಪೈಲ್ವಾನನು ಅದಕ್ಕೆ ಮೊದಲು ಯಾವುದೋ ಬೀದಿಯ ಗರಡಿಮನೆಯಲ್ಲಿ ವರ್ಷಗಟ್ಟಲೆ ಮಣ್ಣು ಮೆತ್ತಿಕೊಂಡಿರುತ್ತಾನೆ. ಗರಡಿಯನ್ನೇ ಕಾಣದೆ ಅಖಾಡಕ್ಕೆ ಬಂದವನನ್ನು ಯಾರೂ ನಂಬುವುದಿಲ್ಲ. ಎಲ್ಲ ವಿದ್ಯೆಗಳಿಗೂ ಇಂಥದೊಂದು ಗರಡಿ ಇದ್ದೇ ಇರುತ್ತದೆ. ಆದರೆ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸುವ ವಿದ್ಯೆಗೆ ಗರಡಿ ಎಲ್ಲಿದೆ? ಈ ಪ್ರಶ್ನೆಗೆ ಯುರೋಪಿನವರು ಉತ್ತರ ಕಂಡುಕೊಂಡದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಆ ಉತ್ತರದ ಕಥೆಯನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ. ಹೊರನೋಟಕ್ಕೆ ಇದು ಯಂತ್ರಗಳ ಕಥೆ; ಒಳಗೆ ನೋಡಿದರೆ ಹಣಕ್ಕೂ ಸಾಮರ್ಥ್ಯಕ್ಕೂ ನಡೆದ ಹಗ್ಗಜಗ್ಗಾಟದ ಕಥೆ.

ಮೊದಲು ಒಂದೆರಡು ಮಾತುಗಳ ಅರ್ಥ ತಿಳಿದುಕೊಳ್ಳೋಣ. ಮೋಟಾರು ಪಂದ್ಯಗಳಲ್ಲಿ ಹಲವು ಬಗೆ. ಅವುಗಳಲ್ಲಿ ಒಬ್ಬನೇ ಕೂರಬಹುದಾದ, ಚಕ್ರಗಳ ಮೇಲೆ ಹೊದಿಕೆಯಿಲ್ಲದ ಸಪೂರ ಕಾರುಗಳ ಪಂದ್ಯವೇ ಎಲ್ಲಕ್ಕೂ ಮೇಲಿನದೆಂದು ಎಣಿಕೆ. ಎಂಜಿನ್ನು ಎಷ್ಟು ದೊಡ್ಡದಿರಬೇಕು, ಕಾರು ಎಷ್ಟು ತೂಗಬೇಕು ಎಂಬ ನಿಯಮಗಳ ಕಟ್ಟಿಗೆ ಫಾರ್ಮುಲಾ ಎಂದು ಹೆಸರು. ಫಾರ್ಮುಲಾ 1 ಎಂದರೆ ಮೊದಲ ದರ್ಜೆ. ಈ ದರ್ಜೆಯ ಚಾಲಕರಿಗೆ ವಿಶ್ವ ಚಾಂಪಿಯನ್ ಪಟ್ಟ ಕೊಡುವ ಪದ್ಧತಿ ಆರಂಭವಾದದ್ದು 1950ರ ಮೇ 13ರಂದು, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಪಂದ್ಯದೊಡನೆ. ಫಾರ್ಮುಲಾ 2, ಫಾರ್ಮುಲಾ 3 ಮುಂತಾದವು ಅದಕ್ಕೆ ಹತ್ತುವ ಮೆಟ್ಟಲುಗಳು.

ಯುದ್ಧಕ್ಕೆ ಮುಂಚೆ ಇಂಥ ಮೆಟ್ಟಲುಗಳು ಕ್ರಮವಾಗಿ ಇರಲಿಲ್ಲ. ದೊಡ್ಡ ಕಾರಿನಲ್ಲಿ ಕೂರಬೇಕಾದರೆ ಒಂದೋ ಮನೆಯಲ್ಲಿ ಸಿರಿ ಇರಬೇಕಾಗಿತ್ತು, ಇಲ್ಲವೇ ಯಾವುದಾದರೂ ಕಾರ್ಖಾನೆಯ ಕಣ್ಣಿಗೆ ಬೀಳಬೇಕಾಗಿತ್ತು. ಇಟಲಿಯ ನುವೊಲಾರಿ, ಜರ್ಮನಿಯ ರೋಸೆಮೆಯರ್ ಮೊದಲಾದವರು ಮೋಟಾರು ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿ ಕಾರಿಗೆ ಬಂದರು. ಅರ್ಜೆಂಟೀನದ ಫಾಂಜಿಯೋ ಐದು ಸಲ ವಿಶ್ವ ಚಾಂಪಿಯನ್ ಆದವನು. ಆತ ತನ್ನ ನಾಡಿನ ಮಣ್ಣುರಸ್ತೆಗಳಲ್ಲಿ ಸಾವಿರಾರು ಮೈಲಿಗಳ ಪಂದ್ಯ ಓಡಿಸಿ ಕಲಿತ. ಸಣ್ಣ ಎಂಜಿನ್ನಿನ ರೇಸು ಕಾರುಗಳೇನೋ ಆಗಲೂ ಇದ್ದವು. ಆದರೆ ಅವುಗಳ ಬೆಲೆ ಸಾಮಾನ್ಯ ಸಂಬಳದವನ ಕೈಗೆ ಎಟುಕುವಂತಿರಲಿಲ್ಲ.

ಯುದ್ಧ ಮುಗಿದ ಇಂಗ್ಲೆಂಡನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಪೆಟ್ರೋಲಿಗೆ ರೇಷನ್, ಹೊಸ ಕಾರು ದುರ್ಲಭ, ಕೈಯಲ್ಲಿ ಕಾಸಿಲ್ಲ. ಇದ್ದದ್ದು ಎರಡೇ: ವಿಮಾನ ಕಾರ್ಖಾನೆಗಳಲ್ಲಿ ಪಳಗಿದ ಕುಶಲಿಗರು ಮತ್ತು ಯುದ್ಧಕ್ಕಾಗಿ ಕಟ್ಟಿ ಈಗ ಬರಿದಾಗಿ ಬಿದ್ದಿದ್ದ ವಿಮಾನ ನಿಲ್ದಾಣಗಳು. ಬ್ರಿಸ್ಟಲ್ ನಗರದ ಉತ್ಸಾಹಿಗಳ ಒಂದು ಗುಂಪು ಹೀಗೆ ಯೋಚಿಸಿತು: ಮೋಟಾರು ಸೈಕಲ್ಲಿನ 500 ಸಿ.ಸಿ. ಎಂಜಿನ್ನನ್ನು ಹಗುರವಾದ ಪುಟ್ಟ ಕಾರಿಗೆ ಕೂರಿಸಿದರೆ ಬಡವನಿಗೂ ಒಂದು ರೇಸು ಕಾರು ಸಿಕ್ಕಂತಾಗುವುದಿಲ್ಲವೆ? ನಮ್ಮ ಬೀದಿಗಳಲ್ಲಿ ಡುಗುಡುಗು ಎಂದು ಸಾಗುವ ಬುಲೆಟ್ ಮೋಟಾರು ಸೈಕಲ್ಲಿನದರಂಥ ಒಂಟಿ ಸಿಲಿಂಡರಿನ ಎಂಜಿನ್ನುಗಳು ಅವು. 1946ರಲ್ಲಿ ಇದಕ್ಕಾಗಿ ಒಂದು ಸಂಘವೇ ಹುಟ್ಟಿತು. ಶೆಡ್ಡಿನಲ್ಲಿ, ಹಿತ್ತಲಿನಲ್ಲಿ ಜನ ಕಾರು ಕಟ್ಟತೊಡಗಿದರು.

ಹಾಗೆ ಕಟ್ಟಿದವರಲ್ಲಿ ಲಂಡನ್ನಿನ ಹೊರವಲಯದ ಸರ್ಬಿಟನ್ನಿನಲ್ಲಿ ಗ್ಯಾರೇಜು ನಡೆಸುತ್ತಿದ್ದ ಚಾರ್ಲ್ಸ್ ಕೂಪರ್ ಮತ್ತು ಆತನ ಮಗ ಜಾನ್ ಕೂಪರ್ ಮುಖ್ಯರು. ಎರಡು ಹಳೆಯ ಪುಟ್ಟ ಫಿಯೆಟ್ ಕಾರುಗಳ ಮುಂಭಾಗಗಳನ್ನು ಕತ್ತರಿಸಿ, ಒಂದಕ್ಕೊಂದು ಬೆನ್ನು ಹಚ್ಚಿ ಬೆಸೆದು ಅವರು ತಮ್ಮ ಮೊದಲ ಕಾರನ್ನು ಸಿದ್ಧಪಡಿಸಿದರು. ಎಂಜಿನ್ನನ್ನು ಎಲ್ಲಿ ಕೂರಿಸುವುದು? ಮೋಟಾರು ಸೈಕಲ್ಲಿನ ಎಂಜಿನ್ನು ಸರಪಳಿಯ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವಂಥದು. ಆದ್ದರಿಂದ ಅದನ್ನು ಹಿಂದಿನ ಚಕ್ರಗಳ ಬಳಿಯಲ್ಲಿ, ಚಾಲಕನ ಬೆನ್ನ ಹಿಂದೆ ಇಡುವುದೇ ಸುಲಭವಾಗಿ ಕಂಡಿತು. ಇದರಲ್ಲಿ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಆದರೆ ಈ ಸಣ್ಣ ಅನುಕೂಲ ಮುಂದೆ ದೊಡ್ಡ ಕಾರುಗಳ ರೂಪವನ್ನೇ ಬದಲಿಸಿತು. ಆ ಮಾತಿಗೆ ಮತ್ತೆ ಬರುತ್ತೇನೆ.

1948ರಲ್ಲಿ ಕೂಪರರು ಇಂಥ ಕಾರುಗಳನ್ನು ಮಾರಾಟಕ್ಕೆ ಕಟ್ಟತೊಡಗಿದಾಗ ಕೊಂಡವರಲ್ಲಿ 18 ವರ್ಷದ ಸ್ಟರ್ಲಿಂಗ್ ಮಾಸ್ ಒಬ್ಬ. ತಂದೆ ಹಲ್ಲಿನ ವೈದ್ಯರು. ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ಓಡಿಸಿದ್ದವರು. ಮನೆಯಲ್ಲಿ ಕುದುರೆ ಸಾಗಿಸುವ ಗಾಡಿಯಿತ್ತು. ಅದರಲ್ಲೇ ಕಾರನ್ನಿಟ್ಟುಕೊಂಡು ಹುಡುಗ ಊರೂರು ತಿರುಗಿದ. ಗುಡ್‌ವುಡ್ ಎಂಬಲ್ಲಿ ಹಳೆಯ ವಿಮಾನ ನಿಲ್ದಾಣದ ಸುತ್ತಲ ದಾರಿಯನ್ನೇ ಪಂದ್ಯದ ಹಾದಿಯಾಗಿ ಮಾಡಿದ್ದರು. 1948ರ ಸೆಪ್ಟೆಂಬರಿನಲ್ಲಿ, ತನಗೆ 19 ತುಂಬಿದ ಮರುದಿನ, ಮಾಸ್ ಅಲ್ಲಿನ ಮೊದಲ ಕೂಟದ 500 ಸಿ.ಸಿ. ಪಂದ್ಯವನ್ನು ಗೆದ್ದ. ಕೆಲವೇ ವರ್ಷಗಳಲ್ಲಿ ಆತ ಫಾಂಜಿಯೋಗೆ ಸರಿಸಾಟಿಯಾಗಿ ಓಡಿಸುವವನಾದ. ಏಣಿ ಕೆಲಸ ಮಾಡುತ್ತದೆ ಎಂಬುದು ಎಲ್ಲರಿಗೂ ಮನವರಿಕೆಯಾಯಿತು.

1950ರಲ್ಲಿ ಅಂತರರಾಷ್ಟ್ರೀಯ ಮೋಟಾರು ಸಂಸ್ಥೆಯವರು ಈ 500 ಸಿ.ಸಿ. ವರ್ಗಕ್ಕೆ ಫಾರ್ಮುಲಾ 3 ಎಂದು ಅಧಿಕೃತ ಮುದ್ರೆ ಒತ್ತಿದರು. ತೊಂದರೆಯೂ ಅಲ್ಲಿಂದಲೇ ಮೊದಲಾಯಿತು. ಗೆಲುವಿಗೆ ಮಾನ ಬಂದ ಕೂಡಲೇ ಎಲ್ಲರಿಗೂ ಒಳ್ಳೆಯ ಎಂಜಿನ್ನೇ ಬೇಕಾಯಿತು. ಎಲ್ಲಕ್ಕಿಂತ ಒಳ್ಳೆಯದು ನಾರ್ಟನ್ ಕಂಪೆನಿಯ ರೇಸು ಮೋಟಾರು ಸೈಕಲ್ಲಿನದು. ಕಂಪೆನಿ ಎಂಜಿನ್ನನ್ನು ಬಿಡಿಯಾಗಿ ಮಾರುತ್ತಿರಲಿಲ್ಲ. ಆದುದರಿಂದ ಇಡೀ ಮೋಟಾರು ಸೈಕಲನ್ನು ಕೊಂಡು, ಎಂಜಿನ್ನನ್ನು ಬಿಚ್ಚಿಕೊಂಡು, ಉಳಿದದ್ದನ್ನು ಬದಿಗಿಡುವ ಕಾಲ ಬಂತು. ಬಡವನ ಕಾರು ಎಂದು ಹುಟ್ಟಿದ್ದಕ್ಕೆ ಈ ಗತಿ! ಮೂಗಿಗಿಂತ ಮೂಗುತಿ ಭಾರವಾಯಿತು. ಹಿತ್ತಲಿನಲ್ಲಿ ಕಟ್ಟಿದವರು ಒಬ್ಬೊಬ್ಬರಾಗಿ ಹಿಂದೆ ಬಿದ್ದರು. ಐವತ್ತರ ದಶಕ ಮುಗಿಯುವ ವೇಳೆಗೆ ಆ ವರ್ಗವೇ ಸೊರಗಿತು.

ಆದರೂ ಅದು ಬಿಟ್ಟುಹೋದ ಆಸ್ತಿ ಸಾಮಾನ್ಯವಾದದ್ದಲ್ಲ. 1958ರ ಜನವರಿಯಲ್ಲಿ ಅರ್ಜೆಂಟೀನದ ಗ್ರಾಂಡ್ ಪ್ರಿ ಪಂದ್ಯವನ್ನು ಮಾಸ್ ಗೆದ್ದದ್ದು ಎಂಜಿನ್ನು ಬೆನ್ನ ಹಿಂದಿದ್ದ ಪುಟ್ಟ ಕೂಪರ್ ಕಾರಿನಲ್ಲಿ. ವಿಶ್ವ ಚಾಂಪಿಯನ್ ಪಂದ್ಯವೊಂದನ್ನು ಅಂಥ ಕಾರು ಗೆದ್ದದ್ದು ಅದೇ ಮೊದಲು. 1959ರಲ್ಲಿ ಮತ್ತು 1960ರಲ್ಲಿ ಆಸ್ಟ್ರೇಲಿಯದ ಜ್ಯಾಕ್ ಬ್ರಾಬಮ್ ಕೂಪರ್ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದ. ಎತ್ತು ಗಾಡಿಯ ಮುಂದಿರಬೇಕು ಎಂದು ನಂಬಿದ್ದ ದೊಡ್ಡ ಕಾರ್ಖಾನೆಗಳೂ ಎಂಜಿನ್ನನ್ನು ಹಿಂದಕ್ಕೆ ಸರಿಸಬೇಕಾಯಿತು. 1961ರ ಹೊತ್ತಿಗೆ ಎಂಜಿನ್ನು ಮುಂದಿರುವ ಕಾರು ಮೇಲಿನ ದರ್ಜೆಯಿಂದ ಬಹುಮಟ್ಟಿಗೆ ಮಾಯವಾಗಿತ್ತು. ಮೋಟಾರು ಸೈಕಲ್ಲಿನ ಸರಪಳಿ ಕಲಿಸಿದ ಪಾಠವನ್ನು ಇಂದಿನ ಫಾರ್ಮುಲಾ 1 ಕಾರುಗಳೂ ಪಾಲಿಸುತ್ತಿವೆ. ಏಣಿಯ ಕೆಳಗಿನ ಮೆಟ್ಟಲು ಹೀಗೆ ಮೇಲಿನವರಿಗೇ ಬುದ್ಧಿ ಹೇಳಿತು.

ಎರಡನೆಯ ಮೆಟ್ಟಲನ್ನು ಕಟ್ಟಿದವರು ಇಟಲಿಯವರು. 1955ರಲ್ಲಿ ಅಸ್ಕಾರಿ, 1957ರಲ್ಲಿ ಕಾಸ್ಟೆಲ್ಲೊಟ್ಟಿ ಕಾರಿನಲ್ಲೇ ಮಡಿದಿದ್ದರು. ಅವರ ಜಾಗಕ್ಕೆ ಬರಬಲ್ಲ ತರುಣರನ್ನು ತಯಾರುಮಾಡುವ ಗರಡಿ ಅಲ್ಲಿರಲಿಲ್ಲ. ಆಗ ಕೌಂಟ್ ಜೊವಾನ್ನಿ ಲುರಾನಿ ಎಂಬಾತ ಒಂದು ಸಲಹೆ ಮುಂದಿಟ್ಟ. ಈತ ಸ್ವತಃ ಪಂದ್ಯದ ಚಾಲಕನಾಗಿದ್ದವನು, ಪತ್ರಿಕಾ ಲೇಖಕ. ರೇಸಿಗೆಂದೇ ಮಾಡಿದ ಎಂಜಿನ್ನು ಬೇಡ. ಪೇಟೆಯಲ್ಲಿ ಮಾರುವ ಸಂಸಾರಿಗಳ ಕಾರಿನ ಎಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ಬಳಸಿದರೆ ಸಾಕು ಎಂಬುದು ಆ ಸಲಹೆ. 1,000 ಸಿ.ಸಿ. ಎಂಜಿನ್ನಾದರೆ ಕಾರು 360 ಕಿಲೋಗ್ರಾಮಿಗಿಂತ ಕಡಮೆ ಇರಕೂಡದು, 1,100 ಸಿ.ಸಿ. ಆದರೆ 400. ಇದಕ್ಕೆ ಫಾರ್ಮುಲಾ ಜೂನಿಯರ್ ಎಂದು ಹೆಸರಾಯಿತು. 1958ರಲ್ಲಿ ಇಟಲಿಯಲ್ಲಿ ಆರಂಭವಾಗಿ, ಮರುವರ್ಷ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು.

ಮೊದಲಿಗೆ ಫಿಯೆಟ್ ಎಂಜಿನ್ನಿನ ಇಟಲಿಯ ಕಾರುಗಳೇ ಗೆದ್ದವು. ಅಷ್ಟರಲ್ಲಿ ಇಂಗ್ಲೆಂಡಿನ ಲೋಟಸ್ ಮತ್ತು ಕೂಪರ್ ಕಂಪೆನಿಗಳು ಎಂಜಿನ್ನು ಹಿಂದಿರುವ ಕಾರುಗಳೊಡನೆ ಕಣಕ್ಕಿಳಿದವು. 1960ರ ಮಾರ್ಚ್ 19ರಂದು ಅದೇ ಗುಡ್‌ವುಡ್ಡಿನಲ್ಲಿ ನಡೆದ ಜೂನಿಯರ್ ಪಂದ್ಯವನ್ನು ನೆನಪಿನಲ್ಲಿಡಿ. ಗೆದ್ದವನು ಸ್ಕಾಟ್ಲೆಂಡಿನ ರೈತರ ಮನೆಯ ಹುಡುಗ ಜಿಮ್ ಕ್ಲಾರ್ಕ್. ಎರಡನೆಯವನಾಗಿ ಬಂದವನು ಜಾನ್ ಸರ್ಟೀಸ್. ಮೋಟಾರು ಸೈಕಲ್ಲಿನಲ್ಲಿ ಆಗಲೇ ವಿಶ್ವ ಚಾಂಪಿಯನ್ ಆಗಿದ್ದವನಿಗೆ ಕಾರಿನಲ್ಲಿ ಅದು ಮೊಟ್ಟಮೊದಲ ಪಂದ್ಯ. ಮೂರು ತಿಂಗಳು ಕಳೆಯುವುದರೊಳಗೆ ಕ್ಲಾರ್ಕ್ ಹಾಲೆಂಡಿನಲ್ಲಿ ಫಾರ್ಮುಲಾ 1 ಕಾರು ಓಡಿಸುತ್ತಿದ್ದ. 1963ರಲ್ಲಿ ಮತ್ತು 1965ರಲ್ಲಿ ವಿಶ್ವ ಚಾಂಪಿಯನ್ ಪಟ್ಟ ಕ್ಲಾರ್ಕನಿಗೆ. ನಡುವಣ 1964ರ ಪಟ್ಟ ಸರ್ಟೀಸನಿಗೆ. ಆ ದಿನ ಆ ಸಣ್ಣ ಪಂದ್ಯ ನೋಡಲು ಬಂದಿದ್ದವರು ಮುಂದಿನ ಮೂರು ವಿಶ್ವಪಟ್ಟಗಳನ್ನು ಒಟ್ಟಿಗೇ ಕಂಡಿದ್ದರು ಎನ್ನಬಹುದು.

ಸರ್ಟೀಸ್ ಅಂದು ಓಡಿಸಿದ ಕಾರು ಕೆನ್ ಟಿರೆಲ್ ಎಂಬ ಮರದ ವ್ಯಾಪಾರಿಯದು. ಟಿರೆಲ್ ತಾನೂ 500 ಸಿ.ಸಿ. ಕಾರಿನಲ್ಲಿ ಓಡಿಸಿದವನು. ತನಗಿಂತ ಬಲ್ಲವರನ್ನು ಹುಡುಕುವುದರಲ್ಲೇ ತನ್ನ ಶಕ್ತಿಯಿದೆ ಎಂದು ಆತ ಕಂಡುಕೊಂಡ. ಜೂನಿಯರ್ ಕಾರುಗಳ ಬೆಲೆಯೂ ಎಂದಿನಂತೆ ಏರಿತು. 1964ರಲ್ಲಿ ಆ ವರ್ಗವನ್ನು ತೆಗೆದು ಹೊಸ ಫಾರ್ಮುಲಾ 2 ಮತ್ತು ಫಾರ್ಮುಲಾ 3 ಎಂದು ಇಬ್ಭಾಗ ಮಾಡಿದರು. ಆ ವರ್ಷದ ಆರಂಭದಲ್ಲಿ ಟಿರೆಲ್ ಒಬ್ಬ ಸ್ಕಾಟಿಷ್ ತರುಣನನ್ನು ಗುಡ್‌ವುಡ್ಡಿಗೆ ಕರೆಸಿದ. ಅನುಭವಿ ಚಾಲಕ ಬ್ರೂಸ್ ಮೆಕ್‌ಲಾರೆನ್ ಮೊದಲು ಫಾರ್ಮುಲಾ 3 ಕಾರನ್ನು ಓಡಿಸಿ ಒಂದು ಹೊತ್ತು ನಿಗದಿ ಮಾಡಿದ. ತರುಣ ಕೂತು ಅದಕ್ಕಿಂತ ಬೇಗ ಸುತ್ತಿ ಬಂದ. ಮೆಕ್‌ಲಾರೆನ್ ಮತ್ತೆ ಹೋಗಿ ಇನ್ನೂ ಬೇಗ ಬಂದ. ತರುಣ ಮತ್ತೆ ಅದನ್ನೂ ಮೀರಿಸಿದ. ಆ ತರುಣನೇ ಗ್ಯಾರೇಜು ನಡೆಸುತ್ತಿದ್ದವರ ಮಗ ಜ್ಯಾಕಿ ಸ್ಟೂಯರ್ಟ್. ಮರುವರ್ಷವೇ ಫಾರ್ಮುಲಾ 1 ಸೇರಿದ; ಮುಂದೆ ಟಿರೆಲ್ಲನ ತಂಡದಲ್ಲೇ 1969, 1971, 1973ರಲ್ಲಿ ಮೂರು ಸಲ ವಿಶ್ವ ಚಾಂಪಿಯನ್ ಆದ.

ಆಗಿನ ಫಾರ್ಮುಲಾ 2ರಲ್ಲಿ ಇನ್ನೊಂದು ಚೆಲುವಿತ್ತು. ವಿಶ್ವ ಚಾಂಪಿಯನ್ನರೂ ಬಿಡುವಿನ ವಾರಗಳಲ್ಲಿ ಅದೇ ಪಂದ್ಯಗಳಿಗೆ ಬರುತ್ತಿದ್ದರು. ಶಿಷ್ಯನು ಗುರುವಿನೊಡನೆ ನೇರವಾಗಿ ಸೆಣಸಬಹುದಾಗಿತ್ತು. 1964ರ ಮೇ ತಿಂಗಳಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಪಂದ್ಯದಲ್ಲಿ, ಮಾಜಿ ವಿಶ್ವ ಚಾಂಪಿಯನ್ ಗ್ರಹಾಂ ಹಿಲ್ಲನನ್ನು ಜೋಕೆನ್ ರಿಂಟ್ ಎಂಬ ಆಸ್ಟ್ರಿಯದ ತರುಣ ತಾನೇ ಕೊಂಡ ಕಾರಿನಲ್ಲಿ ಸೋಲಿಸಿದ. ಮುನ್ನಾದಿನ ಅವನ ಹೆಸರು ಅರಿಯದಿದ್ದ ಇಂಗ್ಲೆಂಡು ಮರುದಿನ ಅವನನ್ನೇ ಕೊಂಡಾಡಿತು.

1967ರ ಜುಲೈ 2ರಂದು ಬ್ರಾಂಡ್ಸ್ ಹ್ಯಾಚ್ ಎಂಬಲ್ಲಿ ಮತ್ತೊಂದು ಹೊಸ ಮೆಟ್ಟಲು ಸೇರಿತು. ಅದೇ ಫಾರ್ಮುಲಾ ಫೋರ್ಡ್: ಸಾಮಾನ್ಯ ಫೋರ್ಡ್ ಕಾರಿನ ಎಂಜಿನ್ನು, ರಸ್ತೆಯ ಕಾರಿಗೆ ಹಾಕುವ ಟೈರು, ಕಾರಿನ ಬೆಲೆಗೆ 1,000 ಪೌಂಡಿನ ಮಿತಿ. ಬೆಲೆಯ ಮಿತಿ ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಮೆಟ್ಟಲು ನಿಂತಿತು. ಬ್ರೆಜಿಲ್ಲಿನ ಎಮರ್ಸನ್ ಫಿಟಿಪಾಲ್ಡಿ 1969ರಲ್ಲಿ ಇಂಗ್ಲೆಂಡಿಗೆ ಬಂದು ಇದೇ ಕಾರಿನಲ್ಲಿ ಆರಂಭಿಸಿ, ಮರುವರ್ಷವೇ ಫಾರ್ಮುಲಾ 1 ಸೇರಿ, 1972ರಲ್ಲಿ ವಿಶ್ವ ಚಾಂಪಿಯನ್ ಆದ. ಅವನ ನಾಡಿನವನೇ ಆದ ಐರ್ಟನ್ ಸೆನ್ನಾ 1981ರಲ್ಲಿ ಅದೇ ದಾರಿ ಹಿಡಿದ. ಫ್ರಾನ್ಸಿನಲ್ಲಿ ಎಣ್ಣೆ ಕಂಪೆನಿಯೊಂದು ಬೇರೆ ಉಪಾಯ ಮಾಡಿತು: ರೇಸಿನ ಶಾಲೆಯಲ್ಲಿ ಮೊದಲು ಬಂದವನಿಗೆ ಒಂದು ವರ್ಷದ ಓಟದ ಖರ್ಚೆಲ್ಲ ಬಹುಮಾನ. 1975ರಲ್ಲಿ ಆ ಬಹುಮಾನ ಗೆದ್ದ ಅಲೇನ್ ಪ್ರಾಸ್ಟ್ ಐದೇ ವರ್ಷಗಳಲ್ಲಿ ಫಾರ್ಮುಲಾ 1 ಸೇರಿ, ಮುಂದೆ ನಾಲ್ಕು ಸಲ ಚಾಂಪಿಯನ್ ಆದ. ವಿದ್ಯಾರ್ಥಿವೇತನ ಕೊಟ್ಟು ಓದಿಸುವ ಪದ್ಧತಿ ರೇಸಿಗೂ ಒಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಷ್ಟು ಕೇಳಿದ ಮೇಲೆ ಈ ಏಣಿಯಿಂದ ಬಿದ್ದವರನ್ನು ಮರೆಯುವುದು ನ್ಯಾಯವಲ್ಲ. ಕಿರಿಯ ಕಾರು ಎಂದ ಮಾತ್ರಕ್ಕೆ ಅಪಾಯ ಕಿರಿದಲ್ಲ. ಜಿಮ್ ಕ್ಲಾರ್ಕನಂಥ ನಿಪುಣ 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮಿನಲ್ಲಿ ಮಡಿದದ್ದು ಒಂದು ಫಾರ್ಮುಲಾ 2 ಪಂದ್ಯದಲ್ಲಿ. ರೋಜರ್ ವಿಲಿಯಂಸನ್ ಎಂಬ ತರುಣ 1971ರಲ್ಲೂ 1972ರಲ್ಲೂ ಬ್ರಿಟನ್ನಿನ ಫಾರ್ಮುಲಾ 3 ಪಟ್ಟ ಗೆದ್ದವನು. ಅವನ ಗುಣ ಕಂಡು ಟಾಮ್ ವೀಟ್‌ಕ್ರಾಫ್ಟ್ ಎಂಬ ಕಟ್ಟಡದ ಗುತ್ತಿಗೆದಾರ ಖರ್ಚು ವಹಿಸಿಕೊಂಡಿದ್ದ. 1973ರ ಜುಲೈ 29ರಂದು ಹಾಲೆಂಡಿನ ಜಾಂಡ್‌ವೂರ್ಟಿನಲ್ಲಿ, ತನ್ನ ಎರಡನೆಯ ಗ್ರಾಂಡ್ ಪ್ರಿಯಲ್ಲಿಯೇ, ವಿಲಿಯಂಸನ್ನನ ಕಾರು ಮಗುಚಿ ಹೊತ್ತಿಕೊಂಡಿತು. ಡೇವಿಡ್ ಪರ್ಲಿ ಎಂಬ ಇನ್ನೊಬ್ಬ ಚಾಲಕ ತನ್ನ ಪಂದ್ಯವನ್ನು ಬಿಟ್ಟು ಓಡಿಬಂದು, ಒಬ್ಬನೇ ಆ ಕಾರನ್ನು ಎತ್ತಲು ಹೆಣಗಿದ. ಆಗಲಿಲ್ಲ. ವಿಲಿಯಂಸನ್ನನಿಗೆ ಆಗ 25 ವರ್ಷ.

ಕಾರುಗಳು ಈಗ ಹಿಂದಿಗಿಂತ ಬಹಳ ಭದ್ರ. ಆದರೂ 2009ರಲ್ಲಿ ಬ್ರಾಂಡ್ಸ್ ಹ್ಯಾಚಿನ ಫಾರ್ಮುಲಾ 2 ಪಂದ್ಯದಲ್ಲಿ, ಬೇರೆ ಕಾರಿನಿಂದ ಕಳಚಿ ಬಂದ ಚಕ್ರ ಬಡಿದು 18 ವರ್ಷದ ಹೆನ್ರಿ ಸರ್ಟೀಸ್ ತೀರಿಕೊಂಡ. 1960ರಲ್ಲಿ ಗುಡ್‌ವುಡ್ಡಿನಿಂದ ಏಣಿ ಹತ್ತತೊಡಗಿದ ಆ ಜಾನ್ ಸರ್ಟೀಸನ ಮಗನೇ ಅವನು. 2018ರಿಂದ ಚಾಲಕನ ತಲೆಯ ಸುತ್ತ ಗಟ್ಟಿ ಲೋಹದ ಕಮಾನನ್ನು ಫಾರ್ಮುಲಾ 1, ಫಾರ್ಮುಲಾ 2 ಎರಡರಲ್ಲೂ ಕಡ್ಡಾಯ ಮಾಡಿದರು. ಮರುವರ್ಷ, 2019ರ ಆಗಸ್ಟ್ 31ರಂದು, ಬೆಲ್ಜಿಯಂನ ಸ್ಪಾ ಪಂದ್ಯದಲ್ಲಿ ಫ್ರಾನ್ಸಿನ ಆಂಟುವಾನ್ ಹುಬೇರ್ ಮಡಿದ. ಅವನಿಗೆ 22 ವರ್ಷ. ಬಾಲ್ಯದಿಂದ ಅವನೊಡನೆ ಓಡಿಸಿ ಬೆಳೆದ ಶಾರ್ಲ್ ಲೆಕ್ಲೇರ್ ಮರುದಿನ ಅದೇ ಹಾದಿಯಲ್ಲಿ ತನ್ನ ಮೊದಲ ಗ್ರಾಂಡ್ ಪ್ರಿ ಗೆದ್ದು, ಗೆಲುವನ್ನು ಗೆಳೆಯನಿಗೆ ಅರ್ಪಿಸಿದ.

ಏಣಿ ಈಗ ಬಹಳ ಉದ್ದವಾಗಿದೆ. ಎಂಟು ಹತ್ತು ವರ್ಷದ ಮಗುವೇ ಕಾರ್ಟ್ ಎಂಬ ಪುಟ್ಟ ಬಂಡಿಯಲ್ಲಿ ಆರಂಭಿಸುತ್ತದೆ. 1985ರಿಂದ ಫಾರ್ಮುಲಾ 3000, 2005ರಿಂದ ಜಿ.ಪಿ. 2, 2017ರಿಂದ ಮತ್ತೆ ಫಾರ್ಮುಲಾ 2 ಎಂದು ಮೇಲಿನ ಮೆಟ್ಟಲಿನ ಹೆಸರು ಬದಲಾಗುತ್ತ ಬಂದಿದೆ. ಫಾರ್ಮುಲಾ 1 ಪರವಾನಗಿಗೆ ಕೆಳಗಿನ ಪಂದ್ಯಗಳಲ್ಲಿ 40 ಅಂಕಗಳನ್ನು ಗಳಿಸಿರಬೇಕೆಂಬ ನಿಯಮವು 2016ರಲ್ಲಿ ಜಾರಿಗೆ ಬಂತು. ಲೂಯಿಸ್ ಹ್ಯಾಮಿಲ್ಟನ್ನನ ತಂದೆ ಮಗನ ಕಾರ್ಟ್ ಓಟಕ್ಕಾಗಿ ಒಂದಕ್ಕಿಂತ ಹೆಚ್ಚು ಕೆಲಸ ಮಾಡಿದವರು. 1998ರಲ್ಲಿ ಮೆಕ್‌ಲಾರೆನ್ ತಂಡ 13 ವರ್ಷದ ಹುಡುಗನ ಹೊಣೆ ಹೊತ್ತುಕೊಂಡಿತು. 2006ರಲ್ಲಿ ಆತ ಜಿ.ಪಿ. 2 ಗೆದ್ದ, 2008ರಲ್ಲಿ ವಿಶ್ವ ಚಾಂಪಿಯನ್ ಆದ. ಆದರೆ 2022ರಲ್ಲಿ ಫಾರ್ಮುಲಾ 2 ಪಟ್ಟ ಗೆದ್ದ ಬ್ರೆಜಿಲ್ಲಿನ ಫೆಲಿಪೆ ಡ್ರುಗೊವಿಚ್‌ಗೆ ಮರುವರ್ಷ ಫಾರ್ಮುಲಾ 1ರ 20 ಪೀಠಗಳಲ್ಲಿ ಒಂದೂ ಸಿಕ್ಕಲಿಲ್ಲ. ಮೀಸಲು ಚಾಲಕನಾಗಿ ಕಾಯಬೇಕಾಯಿತು. ಏಣಿಯ ತುದಿಯವರೆಗೂ ಹತ್ತಿದವನಿಗೆ ಅಟ್ಟದ ಬಾಗಿಲು ಮುಚ್ಚಿತ್ತು.

ನಮ್ಮ ನಾಡಿಗೂ ಈ ಕಥೆಯ ಎಳೆ ತಗುಲಿದೆ. ಮದರಾಸಿನ ಬಳಿಯ ಶೋಲಾವರಂನಲ್ಲಿಯೂ ಯುದ್ಧಕಾಲದ ವಿಮಾನ ನಿಲ್ದಾಣವೇ ಪಂದ್ಯದ ಬಯಲಾಯಿತು. ಎಂಬತ್ತರ ದಶಕದ ಕೊನೆಯಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ನಮ್ಮ ನಿಮ್ಮ ಮನೆಗಳ ಮುಂದೆ ನಿಲ್ಲುತ್ತಿದ್ದ ಮಾರುತಿ 800 ಕಾರಿನ ಎಂಜಿನ್ನನ್ನು ಕೂರಿಸಿ ಒಂಟಿ ಪೀಠದ ಕಾರು ಕಟ್ಟಿದರು. ಸಲಹೆ ಲುರಾನಿಯದೇ, ಸಾಮಗ್ರಿ ಮಾತ್ರ ನಮ್ಮದು! ಫಾರ್ಮುಲಾ ಮಾರುತಿ ಎಂಬ ಆ ಗರಡಿಯಲ್ಲಿ ಓಡಿಸಿದ ನಾರಾಯಣ್ ಕಾರ್ತಿಕೇಯನ್ ಬ್ರಿಟನ್ನಿನ ಫಾರ್ಮುಲಾ ಫೋರ್ಡ್, ಫಾರ್ಮುಲಾ 3 ಮೆಟ್ಟಲುಗಳನ್ನು ಹತ್ತಿ, 2005ರಲ್ಲಿ ಫಾರ್ಮುಲಾ 1 ಪಂದ್ಯದಲ್ಲಿ ಓಡಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನ ಮೈನಿ ಸಹೋದರರಲ್ಲಿ ಹಿರಿಯ ಅರ್ಜುನ್ 2018ರಲ್ಲಿ ಫಾರ್ಮುಲಾ 2 ತಲುಪಿದರು. ಕಿರಿಯ ಕುಶ್ 2025ರ ಮೇ ತಿಂಗಳಲ್ಲಿ ಮೊನಾಕೊದ ಬೀದಿಗಳಲ್ಲಿ ನಡೆದ ಫಾರ್ಮುಲಾ 2ರ ಕಿರು ಪಂದ್ಯವನ್ನು ಗೆದ್ದರು.

ಈ ಇತಿಹಾಸದಿಂದ ತಿಳಿಯುವುದೇನು? ಬಡವನಿಗೆಂದು ಅಗ್ಗವಾಗಿ ಕಟ್ಟಿದ ಮೆಟ್ಟಲು, ಅದರ ಮೇಲೆ ಗೆದ್ದವರಿಗೆ ಹೆಸರು ಬಂದ ಕೂಡಲೇ ದುಬಾರಿಯಾಗುತ್ತದೆ. 500 ಸಿ.ಸಿ. ಕಾರಿಗೂ ಹಾಗಾಯಿತು, ಜೂನಿಯರಿಗೂ ಹಾಗಾಯಿತು, ಫಾರ್ಮುಲಾ ಫೋರ್ಡಿಗೂ ತಪ್ಪಲಿಲ್ಲ. ಇಂದು ಫಾರ್ಮುಲಾ 2ರಲ್ಲಿ ಒಂದು ವರ್ಷ ಓಡಿಸುವ ಖರ್ಚನ್ನು ನಮ್ಮ ರೂಪಾಯಿಗಳಲ್ಲಿ ಕೋಟಿಗಳಿಂದ ಎಣಿಸಬೇಕು. ನಿಯಮ ಬರೆಯುವವರು ಇದನ್ನು ತಡೆಯಲು ಸಾಧ್ಯವೇ ಎಂದರೆ, ಶಾಶ್ವತವಾಗಿ ತಡೆದವರು ಈವರೆಗೆ ಯಾರೂ ಇಲ್ಲ. ಆದರೆ ಹಳೆಯ ಮೆಟ್ಟಲು ಎತ್ತರವಾದಾಗಲೆಲ್ಲ ಅದರ ಕೆಳಗೆ ಹೊಸದೊಂದನ್ನು ಕಟ್ಟುವವರು ಹುಟ್ಟಿಬಂದಿದ್ದಾರೆ. ಗ್ಯಾರೇಜಿನ ಕೂಪರ್, ಮರದ ವ್ಯಾಪಾರಿ ಟಿರೆಲ್, ಕೊಯಮತ್ತೂರಿನ ಕರಿವರ್ಧನ್ ಅಂಥವರು. ವಿಶ್ವ ಚಾಂಪಿಯನ್ನರ ಪಟ್ಟಿಯಲ್ಲಿ ಅವರ ಹೆಸರುಗಳು ಕಾಣುವುದಿಲ್ಲ. ಮುಂದೆ ಯಾವಾಗಲಾದರೂ ದೊಡ್ಡ ಪಂದ್ಯದ ಫಲಿತಾಂಶ ನಿಮ್ಮ ಕಿವಿಗೆ ಬಿದ್ದಾಗ, ಗೆದ್ದವನ ಹೆಸರಿನೊಡನೆ ಅವನಿಗೆ ಮೊದಲ ಕಾರು ಕೊಟ್ಟವರು ಯಾರು ಎಂದೂ ವಿಚಾರಿಸಿ ನೋಡಿ.